ಅಪ್ಪ ಅಮ್ಮ ಇರುವ ಹಳೇ ಮನೆಗೆ ಸ್ಮಾರ್ಟ್ ಬಲ್ಬ್ ಹಾಕುವುದಾ, ಸ್ಮಾರ್ಟ್ ಸ್ವಿಚ್ಚಾ?

ಕಡೆಕಾರು ಮನೆ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಇರುವುದು. ಅಪ್ಪ ಅಮ್ಮ ಉಡುಪಿ ಹತ್ತಿರ ಕಡೆಕಾರಿನ ಮನೆಯಲ್ಲಿದ್ದಾರೆ. ಮುಂದಿನ ಭಾಗ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. ಹಿಂದೆ ಆಮೇಲೆ ಕಟ್ಟಿದ ತಾರಸಿ ಭಾಗ ಉಂಟು. ಸಮುದ್ರ ಹತ್ತಿರವೇ.

ಅಪ್ಪನಿಗೆ ಎಪ್ಪತ್ತು ದಾಟಿದೆ. ರಾತ್ರಿ ಬಾತ್‌ರೂಮಿಗೆ ಏಳುತ್ತಾರೆ. ಲೈಟಿನ ಸ್ವಿಚ್ ಇರುವುದು ಬಾಗಿಲ ಪಕ್ಕ, ಮಂಚ ಇರುವುದು ಆಚೆ ಮೂಲೆಯಲ್ಲಿ. ಕತ್ತಲಲ್ಲೇ ಗೋಡೆ ಹಿಡಿದುಕೊಂಡು ಹೋಗುತ್ತಾರೆ. ಅಂಗಳದ ಲೈಟು ಕೆಲವು ದಿನ ಬೆಳಗಿನವರೆಗೂ ಉರಿಯುತ್ತದೆ, ಕೆಲವು ದಿನ ಹಾಕುವುದಕ್ಕೇ ಮರೆತುಹೋಗಿರುತ್ತದೆ. ಇವೆರಡು ಸರಿಯಾದರೆ ನನಗೆ ಸಾಕು. ಬಣ್ಣ ಬಣ್ಣದ ಬೆಳಕು, ಹಾಡು ಕೇಳಿಸುವ ಬಲ್ಬು ಎಲ್ಲ ಬೇಡ.

ಅಂಗಡಿಯಲ್ಲಿ ಕೇಳಿದರೆ ಸ್ಮಾರ್ಟ್ ಬಲ್ಬ್ ಹಾಕಿ, ಎರಡು ನಿಮಿಷದ ಕೆಲಸ ಅಂದರು. ಗೆಳೆಯನೊಬ್ಬ ಸ್ವಿಚ್ ಬೋರ್ಡಿನ ಒಳಗೇ ಸ್ಮಾರ್ಟ್ ಮಾಡ್ಯೂಲ್ ಹಾಕಿಸು ಅನ್ನುತ್ತಾನೆ. ಇನ್ವರ್ಟರ್ ಉಂಟು. ರೌಟರ್ ಚಾವಡಿಯಲ್ಲಿದೆ. ಊರಿನ ಮನೆಯಲ್ಲಿ ಮಾಡಿಸಿದವರು ದಯವಿಟ್ಟು ಹೇಳಿ.

ಬಿಜೈ ಬಾಡಿಗೆ

ನಾನು ಮಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿದ್ದೇನೆ. ನನ್ನ ಮಟ್ಟಿಗೆ ಬಲ್ಬೇ ಸರಿ. ಓನರ್ ಬೋರ್ಡ್ ಮುಟ್ಟಲು ಬಿಡುವುದಿಲ್ಲ, ಬಿಟ್ಟರೂ ಬೇರೆಯವರ ಗೋಡೆಗೆ ಯಾಕೆ ದುಡ್ಡು ಹಾಕಬೇಕು? ಬಲ್ಬಾದರೆ ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಬೆಳಕು ಕಡಿಮೆ ಜಾಸ್ತಿ ಮಾಡಬಹುದು, ರಾತ್ರಿಗೆ ಹಳದಿ, ಓದುವಾಗ ಬಿಳಿ. ಮಾಮೂಲಿ ಸ್ವಿಚ್ ಮಾಡ್ಯೂಲಿಗೆ ಅದು ಆಗುವುದಿಲ್ಲ, ಅದು ಆನ್ ಆಫ್ ಮಾತ್ರ ಮಾಡುತ್ತದೆ.

ತೆಗೆದುಕೊಳ್ಳುವಾಗ ಎರಡು ವಿಷಯ ನೋಡಿ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಪಿನ್ ಹೋಲ್ಡರ್, ಅಂದರೆ ಬಿ22. ಆನ್‌ಲೈನಲ್ಲಿ ಆಫರ್ ಇದೆ ಅಂತ ತಿರುಪಿನ ಇ27 ತರಿಸಿದರೆ ಕೂರುವುದಿಲ್ಲ. ಇನ್ನೊಂದು, ಕಡಿಮೆ ಬೆಲೆಯ ಬಲ್ಬುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೌಟರ್ ಎರಡು ಬ್ಯಾಂಡನ್ನೂ ಒಂದೇ ಹೆಸರಲ್ಲಿ ಕೊಡುತ್ತಿದ್ದರೆ ಮೊದಲ ಸಲ ಜೋಡಿಸುವಾಗ ತುಂಬ ಸತಾಯಿಸುತ್ತದೆ. ಸ್ವಲ್ಪ ಹೊತ್ತು 5 ಗಿಗಾಹರ್ಟ್ಸ್ ಬಂದ್ ಮಾಡಿ ಜೋಡಿಸಿ, ಆಮೇಲೆ ಆನ್ ಮಾಡಿ.

ಕಾಪು ವಯರಿಂಗ್

ನಾನು ವಯರಿಂಗ್ ಕೆಲಸದವ. ಕಾಪು, ಪಡುಬಿದ್ರಿ, ಉಡುಪಿ ಕಡೆ ಮನೆ ಕೆಲಸ ಮಾಡುತ್ತೇನೆ. ಬಿಜೈಯವರು ಹೇಳಿದ್ದು ಬಾಡಿಗೆ ಮನೆಗೆ ಸರಿ. ವಯಸ್ಸಾದವರು ಇರುವ ಸ್ವಂತ ಮನೆಗೆ ನಾನು ಬಲ್ಬ್ ಹಾಕಿ ಅನ್ನುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಸ್ಮಾರ್ಟ್ ಬಲ್ಬಿಗೆ ಯಾವಾಗಲೂ ಕರೆಂಟು ಇರಬೇಕು. ಗೋಡೆಯ ಸ್ವಿಚ್ ಆಫ್ ಮಾಡಿದರೆ ಅದು ಬರೀ ಗಾಜು. ಫೋನಿನಿಂದಲೂ ಆಗುವುದಿಲ್ಲ, ಟೈಮರೂ ನಡೆಯುವುದಿಲ್ಲ. ನಿಮ್ಮ ತಂದೆಯವರು ಇಷ್ಟು ವರ್ಷ ಮಲಗುವ ಮುಂಚೆ ಸ್ವಿಚ್ ಆಫ್ ಮಾಡಿದವರು. ನಾಳೆಯಿಂದ ಅದನ್ನು ಮುಟ್ಟಬೇಡಿ ಅಂದರೆ ಕೈ ಕೇಳುತ್ತದಾ? ಕೆಲವು ಮನೆಗಳಲ್ಲಿ ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿದ್ದು ನೋಡಿದ್ದೇನೆ. ಇದು ಪರಿಹಾರ ಅಲ್ಲ ಮಾರಾಯ್ರೆ. ಮನೆಯ ಹಿರಿಯರಿಗೆ ಅವರದೇ ಮನೆಯ ಸ್ವಿಚ್ ಬಂದ್ ಮಾಡಿದ ಹಾಗೆ.

ಎರಡನೆಯದು, ಕರೆಂಟು ಹೋಗಿ ಬರುವುದು. ನಮ್ಮಲ್ಲಿ ಮಳೆಗಾಲದಲ್ಲಿ ಮರದ ಗೆಲ್ಲು ತಂತಿಗೆ ತಾಗಿದರೂ ಹೋಗುತ್ತದೆ. ತುಂಬ ಸ್ಮಾರ್ಟ್ ಬಲ್ಬುಗಳು ಕರೆಂಟು ವಾಪಸ್ ಬಂದ ಕೂಡಲೇ ತಾವಾಗಿಯೇ ಪೂರ್ತಿ ಬೆಳಕಿನಲ್ಲಿ ಹತ್ತುತ್ತವೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದು ಮಲಗುವ ಕೋಣೆ ಹಗಲಾದರೆ ಹೇಗೆ? ಹೆಚ್ಚಿನ ಆ್ಯಪ್‌ಗಳಲ್ಲಿ 'ಕರೆಂಟು ಬಂದಾಗ ಮೊದಲಿದ್ದ ಸ್ಥಿತಿಗೆ ಹೋಗು' ಅಂತ ಒಂದು ಆಯ್ಕೆ ಇರುತ್ತದೆ. ಬಲ್ಬೇ ಹಾಕುವುದಾದರೆ ಆ ಆಯ್ಕೆ ಇರುವುದನ್ನೇ ತೆಗೆದುಕೊಳ್ಳಿ, ಹಾಕಿದ ದಿನವೇ ಮೇನ್ ಆಫ್ ಮಾಡಿ ಆನ್ ಮಾಡಿ ನೋಡಿ.

ಸ್ವಿಚ್ಚಿನ ಹಿಂದೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಮಾಡ್ಯೂಲ್ ಕೂರಿಸುತ್ತೇವೆ. ಈಗಿರುವ ಅದೇ ಸ್ವಿಚ್ಚು, ಅದೇ ಬಲ್ಬು. ಸ್ವಿಚ್ ಒತ್ತಿದರೂ ಹತ್ತುತ್ತದೆ, ಫೋನಿನಿಂದಲೂ ಹತ್ತುತ್ತದೆ, ಟೈಮರಿಗೂ ಹತ್ತುತ್ತದೆ. ನೆಟ್ ಹೋದರೂ ಸ್ವಿಚ್ ಕೆಲಸ ಮಾಡುತ್ತದೆ. ಒಂದೇ ವ್ಯತ್ಯಾಸ, ಸ್ವಿಚ್ ಮೇಲೆ ಇದ್ದರೆ ಆಫ್, ಕೆಳಗೆ ಇದ್ದರೆ ಆನ್ ಅನ್ನುವ ಲೆಕ್ಕ ಇರುವುದಿಲ್ಲ. ಫೋನಿನಿಂದ ಆಫ್ ಮಾಡಿದ ಮೇಲೆ ಸ್ವಿಚ್ ಯಾವ ಕಡೆ ಇದ್ದರೂ ಒಂದು ಸಲ ಒತ್ತಿದರೆ ಹತ್ತಬೇಕು. ಮಾಡ್ಯೂಲಿನ ಸೆಟ್ಟಿಂಗಿನಲ್ಲಿ ಹಾಗೆ ಮಾಡಿಸಿಕೊಳ್ಳಿ.

ಬೋರ್ಡಿನ ಫೋಟೋ ಹಾಕಿ, ಮುಂದಿನದ್ದು ಹೇಳುತ್ತೇನೆ. ನೀವೇ ಬಿಚ್ಚಬೇಡಿ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆಫ್ ಮಾಡಿದರೂ ಇನ್ವರ್ಟರ್ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಇದು ಗೊತ್ತಿಲ್ಲದೆ ಕೈ ಹಾಕುವವರು ತುಂಬ ಜನ.

ಸುರತ್ಕಲ್ ಹಾಸ್ಟೆಲ್

ಕಾಪು ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬಲ್ಬೋ ಸ್ವಿಚ್ಚೋ ಅನ್ನುವಷ್ಟೇ ಮುಖ್ಯ, ಅದು ಯಾರ ಮಾತು ಕೇಳಿ ಕೆಲಸ ಮಾಡುತ್ತದೆ ಅನ್ನುವುದು. ಅಗ್ಗದ ವೈಫೈ ಸಾಮಾನುಗಳಲ್ಲಿ ನೀವು ಆ್ಯಪ್‌ನಲ್ಲಿ ಒತ್ತಿದ್ದು ಎಷ್ಟೋ ಸಲ ಕಂಪನಿಯ ಸರ್ವರಿಗೆ ಹೋಗಿ ಅಲ್ಲಿಂದ ವಾಪಸ್ ಮನೆಗೆ ಬರುತ್ತದೆ. ನೆಟ್ ಇಲ್ಲದಿದ್ದರೆ ಧ್ವನಿಯಲ್ಲಿ ಹೇಳಿದ್ದೂ ನಡೆಯುವುದಿಲ್ಲ. ಆ ಕಂಪನಿಯೇ ಮುಚ್ಚಿದರೆ? 2022ರ ಏಪ್ರಿಲ್‌ನಲ್ಲಿ ಅಮೆರಿಕದ ಇನ್‌ಸ್ಟಿಯಾನ್ ಅನ್ನುವ ಕಂಪನಿ ಹೀಗೇ ಹೇಳದೆ ಕೇಳದೆ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ಮನೆ ತುಂಬ ಹಾಕಿಸಿಕೊಂಡವರ ಆ್ಯಪ್ ಕೆಲಸ ಮಾಡಲಿಲ್ಲ. ಕೆಲವು ವಾರಗಳ ನಂತರ ಬಳಕೆದಾರರದೇ ಒಂದು ಗುಂಪು ಅದನ್ನು ಕೊಂಡು ಮತ್ತೆ ಶುರು ಮಾಡಿತು. ಎಲ್ಲ ಕಂಪನಿಗೂ ಅಂಥ ಅದೃಷ್ಟ ಇರುವುದಿಲ್ಲ.

ಅದಕ್ಕೆ ಮನೆಯೊಳಗೇ ನಡೆಯುವಂಥದ್ದು ಹುಡುಕಿ. ಜಿಗ್‌ಬೀ ಅಂತ ವೈಫೈ ಅಲ್ಲದ ಇನ್ನೊಂದು ವಯರ್‌ಲೆಸ್ ಪದ್ಧತಿ ಉಂಟು. ಅದಕ್ಕೆ ಒಂದು ಹಬ್ (ಎಲ್ಲವನ್ನೂ ಜೋಡಿಸುವ ಸಣ್ಣ ಪೆಟ್ಟಿಗೆ) ಬೇಕು, ಆದರೆ ರೌಟರಿಗೆ ಭಾರ ಆಗುವುದಿಲ್ಲ. ಕರೆಂಟಿನಲ್ಲಿ ಓಡುವ ಹೆಚ್ಚಿನ ಜಿಗ್‌ಬೀ ಬಲ್ಬು, ಸಾಕೆಟ್ಟು, ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವಯರ್) ಇರುವ ಸ್ವಿಚ್ಚು ಸಿಗ್ನಲನ್ನು ಮುಂದಿನದ್ದಕ್ಕೆ ದಾಟಿಸುತ್ತವೆ. ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಯಲ್ಲಿ ಇದು ತುಂಬ ಉಪಯೋಗ. ಆದರೆ ಇಲ್ಲೂ ಗೋಡೆಯ ಸ್ವಿಚ್ಚಿನಲ್ಲಿ ಬಲ್ಬ್ ಆಫ್ ಮಾಡಿದರೆ ಆ ಕೊಂಡಿ ತಪ್ಪುತ್ತದೆ, ಹಿಂದಿನ ಕೋಣೆಯದ್ದೂ ನಿಲ್ಲಬಹುದು.

ಮ್ಯಾಟರ್ ಅನ್ನುವ ಹೊಸ ಗುರುತು ಇರುವ ಸಾಮಾನು ಈಗ ಸಿಗುತ್ತದೆ. ಅದರ ಮೊದಲ ಆವೃತ್ತಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಬೇರೆ ಬೇರೆ ಕಂಪನಿಯದ್ದು ಒಂದೇ ಕಡೆಯಿಂದ ನಡೆಯಬೇಕು, ಮನೆಯ ನೆಟ್‌ವರ್ಕಿನೊಳಗೇ ನಡೆಯಬೇಕು ಅನ್ನುವುದು ಅದರ ಉದ್ದೇಶ. ಸ್ವಲ್ಪ ಜಾಸ್ತಿ ಕಲಿಯುವ ಆಸಕ್ತಿ ಇದ್ದರೆ ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್ ಉಂಟು, ಅದು ಉಚಿತ. ಒಂದು ಸಣ್ಣ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಓಡುತ್ತದೆ. ಆದರೆ ನೀವು ಬೆಂಗಳೂರಲ್ಲಿ, ಮನೆ ಕಡೆಕಾರಿನಲ್ಲಿ. ಅದು ಕೆಟ್ಟರೆ ನೋಡುವವರು ಅಲ್ಲಿ ಬೇಕು. ಎರಡು ಲೈಟಿನ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಕಡೆಕಾರು ಮನೆ

ತುಂಬ ಉಪಕಾರ. ಅಮ್ಮನ ಹತ್ತಿರ ಹೇಳಿ ಫೋಟೋ ತರಿಸಿದೆ. ಮಲಗುವ ಕೋಣೆಯ ಬೋರ್ಡಿನಲ್ಲಿ ನಾಲ್ಕು ಸ್ವಿಚ್ಚು, ಒಂದು ಸಾಕೆಟ್ಟು, ಫ್ಯಾನಿನ ರೆಗ್ಯುಲೇಟರ್. ಜಗಲಿಯ ಬೋರ್ಡಿನಲ್ಲಿ ಬರೀ ಎರಡು ಸ್ವಿಚ್ಚು, ಅದರಲ್ಲಿ ಒಂದು ಅಂಗಳದ ಲೈಟಿನದ್ದು. ಹಳೇ ಮರದ ಬೋರ್ಡ್. ಬಾವಿಯ ಪಂಪಿನ ಸ್ವಿಚ್ ಅಡುಗೆಮನೆಯ ಹಿಂದೆ. ಅದನ್ನೂ ಫೋನಿನಿಂದ ಹಾಕುವ ಹಾಗೆ ಮಾಡಬಹುದಾ? ಟ್ಯಾಂಕ್ ತುಂಬಿ ಹರಿಯುವುದು ಮಾಮೂಲಿ ಆಗಿದೆ.

ಕಾಪು ವಯರಿಂಗ್

ಮಲಗುವ ಕೋಣೆಯದ್ದು ಸುಲಭ. ಸಾಕೆಟ್ ಇದೆ ಅಂದರೆ ಆ ಬೋರ್ಡಿಗೆ ನ್ಯೂಟ್ರಲ್ ಬಂದಿದೆ. ಮಾಡ್ಯೂಲಿಗೆ ಕರೆಂಟು ಬರುವ ಫೇಸ್ ವಯರೂ ಬೇಕು, ನ್ಯೂಟ್ರಲೂ ಬೇಕು. ಜಗಲಿಯ ಬೋರ್ಡಿಗೆ ಬರೀ ಫೇಸ್ ಬಂದು ಸ್ವಿಚ್ಚಿನಿಂದ ಲೈಟಿಗೆ ಹೋಗಿರಬಹುದು. ನ್ಯೂಟ್ರಲ್ ಬೇಡದ ಸ್ವಿಚ್ಚುಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟು ಎಳೆದುಕೊಂಡು ಬದುಕುತ್ತವೆ. ಕಡಿಮೆ ವ್ಯಾಟಿನ ಎಲ್‌ಇಡಿ ಹಾಕಿದರೆ ಆಫ್ ಇದ್ದಾಗಲೂ ಮಿಣಮಿಣ ಅನ್ನುತ್ತದೆ. ಲೈಟಿನ ಹತ್ತಿರ ಒಂದು ಸಣ್ಣ ಕೆಪಾಸಿಟರ್ ಸೇರಿಸಿದರೆ ನಿಲ್ಲುತ್ತದೆ. ಆದರೆ ನನ್ನ ಕೈಯಲ್ಲಿ ಕೇಳಿದರೆ ಚಾವಡಿಯ ಬೋರ್ಡಿನಿಂದ ಒಂದು ನ್ಯೂಟ್ರಲ್ ವಯರ್ ಎಳೆಸಿ. ಹಂಚಿನ ಮಾಡಿನ ಮನೆ, ಮೇಲಿನಿಂದ ವಯರ್ ತರುವುದು ಕಷ್ಟ ಇಲ್ಲ.

ಆದರೆ ಯಾವ ನ್ಯೂಟ್ರಲ್ ಅನ್ನುವುದು ನೋಡಿಯೇ ಎಳೆಸಬೇಕು. ಲೈಟು ಇನ್ವರ್ಟರ್ ಲೈನಿನಲ್ಲಿದ್ದು ನ್ಯೂಟ್ರಲ್ ಬೇರೆ ಲೈನಿನದ್ದಾದರೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಆಫ್ ಮಾಡುವ ಸ್ವಿಚ್) ಟ್ರಿಪ್ ಆಗುತ್ತಲೇ ಇರುತ್ತದೆ. ಹಾಕಿದ ಮಾಡ್ಯೂಲ್ ಹಾಳು ಅಂತ ಬಿಚ್ಚಿ ಬಿಸಾಡಿದ ಮನೆಗೆ ಹೋಗಿದ್ದೇನೆ. ಮಾಡ್ಯೂಲಿಗೆ ಏನೂ ಆಗಿರಲಿಲ್ಲ, ನ್ಯೂಟ್ರಲ್ ಅದಲುಬದಲಾಗಿತ್ತು ಅಷ್ಟೆ. ಹಳೇ ಮನೆಗಳಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್ ಅಂತ ನಂಬಲಿಕ್ಕೂ ಆಗುವುದಿಲ್ಲ. ಆ ದಿನ ಯಾವ ವಯರ್ ಸಿಕ್ಕಿತೋ ಅದನ್ನು ಎಳೆದಿರುತ್ತಾರೆ. ಟೆಸ್ಟರ್ ಹಿಡಿದು, ಮೀಟರ್ ಹಿಡಿದು ನೋಡುವವರನ್ನೇ ಕರೆಯಿರಿ.

ಸಮುದ್ರ ಹತ್ತಿರ ಅಂದಿರಿ. ಬೋರ್ಡ್ ಬಿಚ್ಚಿದಾಗ ಹಿತ್ತಾಳೆ ತಿರುಪುಗಳು ಹಸಿರು ಹಿಡಿದಿರುತ್ತವೆ. ಮೂಲೆಯಲ್ಲಿ ಇರುವೆ ಗೂಡು ಕಟ್ಟಿ ಬಿಳಿ ಮೊಟ್ಟೆ ತುಂಬಿಸಿರುತ್ತದೆ. ಅದರ ಮೇಲೆಯೇ ಹೊಸ ಮಾಡ್ಯೂಲ್ ತುರುಕಬಾರದು. ತಿರುಪು ಬದಲಾಯಿಸಿ, ವಯರಿನ ಕಪ್ಪಾದ ತುದಿ ಕತ್ತರಿಸಿ ಹೊಸ ತಾಮ್ರ ಬರುವ ಹಾಗೆ ಸುಲಿದು, ಗಟ್ಟಿಯಾಗಿ ಬಿಗಿಯಬೇಕು. ಲೂಸ್ ಇದ್ದರೆ ಬಿಸಿಯಾಗಿ ಸುಡುತ್ತದೆ. ವಯರ್ ಬರುವ ತೂತನ್ನೂ ಮುಚ್ಚಿಸಿ, ಇರುವೆ ಬರುವುದು ಅಲ್ಲಿಂದಲೇ. ನಿಮ್ಮದು ಮರದ ಬೋರ್ಡ್, ಒಳಗೆ ಜಾಗವೂ ಇರುತ್ತದೆ, ವೈಫೈಗೂ ಅಡ್ಡಿ ಇಲ್ಲ. ಕಬ್ಬಿಣದ ಪೆಟ್ಟಿಗೆಯಾದರೆ ಸಿಗ್ನಲ್ ಒಳಗೇ ಕುಂಠಿತವಾಗುತ್ತದೆ.

ಫ್ಯಾನನ್ನು ಲೈಟಿನ ಡಿಮ್ಮರಿಗೆ ಕೊಡಬೇಡಿ. ಫ್ಯಾನಿಗೆ ಬೇರೆಯೇ ಮಾಡ್ಯೂಲ್ ಇರುತ್ತದೆ. ಮುಂದೆ ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕುವುದಾದರೆ ಹಳೇ ರೆಗ್ಯುಲೇಟರನ್ನು ಲೈನಿನಿಂದ ತೆಗೆಸಲೇಬೇಕು.

ಪಂಪಿನ ವಿಷಯಕ್ಕೆ ಬೇರೆ ಬರೆಯುತ್ತೇನೆ, ಅದು ಲೈಟಿನ ಹಾಗೆ ಅಲ್ಲ. 1 ಎಚ್‌ಪಿ ಪಂಪ್ ಅಂದರೆ 746 ವ್ಯಾಟ್, ಹಾಗಾಗಿ 10 ಆಂಪಿಯರ್ ಮಾಡ್ಯೂಲ್ ಸಾಕು ಅಂತ ಲೆಕ್ಕ ಹಾಕುತ್ತಾರೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು ಅದರ ಹಲವು ಪಟ್ಟು. ಮಾಡ್ಯೂಲಿನ ಒಳಗಿನ ರಿಲೇ, ಅಂದರೆ ಆನ್ ಆಫ್ ಮಾಡುವ ಸಣ್ಣ ಸ್ವಿಚ್, ಅಂಟಿಕೊಂಡುಬಿಡುತ್ತದೆ. ಆಮೇಲೆ ಫೋನಿನಲ್ಲಿ ಆಫ್ ಅಂತ ತೋರಿಸುತ್ತದೆ, ಪಂಪ್ ಓಡುತ್ತಲೇ ಇರುತ್ತದೆ. ಮಾಡ್ಯೂಲ್ ಒಂದು ಕಾಂಟ್ಯಾಕ್ಟರನ್ನು (ಮೋಟಾರಿನ ಕರೆಂಟು ತಡೆಯುವ ದೊಡ್ಡ ರಿಲೇ) ನಡೆಸಬೇಕು, ಕಾಂಟ್ಯಾಕ್ಟರ್ ಪಂಪನ್ನು ನಡೆಸಬೇಕು. ಎಪ್ರಿಲ್ ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ ಪಂಪ್ ನೀರಿಲ್ಲದೆ ಓಡಿ ಸುಡಬಹುದು. ಬೆಂಗಳೂರಲ್ಲಿ ಕೂತು ಪಂಪ್ ಹಾಕುವವರಿಗೆ ಬಾವಿಯಲ್ಲಿ ಎಷ್ಟು ನೀರಿದೆ ಅಂತ ಕಾಣುವುದಿಲ್ಲ. ಟ್ಯಾಂಕಿಗೂ ಬಾವಿಗೂ ನೀರಿನ ಮಟ್ಟ ನೋಡಿ ತಾನೇ ನಿಲ್ಲುವ ಕಂಟ್ರೋಲರ್ ಸಿಗುತ್ತದೆ. ಅದಕ್ಕೆ ನೆಟ್ ಬೇಡ, ಫೋನ್ ಬೇಡ. ನಿಮ್ಮ ತಂದೆ ತಾಯಿಗೆ ಅದೇ ಒಳ್ಳೆಯದು.

ಅಜ್ಜರಕಾಡು ಅಕ್ಕ

ಇಷ್ಟು ಹೊತ್ತು ಬೋರ್ಡಿನ ಮಾತಾಯಿತು, ಮನುಷ್ಯರ ಮಾತು ನಾನು ಹೇಳುತ್ತೇನೆ. ನಮ್ಮ ಅತ್ತೆಗೆ ಎಂಬತ್ತು ಆಗುತ್ತಾ ಬಂತು, ನಮ್ಮ ಜೊತೆಯಲ್ಲೇ ಇದ್ದಾರೆ. ರಾತ್ರಿ ಏಳುವವರಿಗೆ ಫೋನೂ ಬೇಡ, ಸ್ವಿಚ್ಚೂ ಬೇಡ. ಕಾಲು ಮಂಚದಿಂದ ಕೆಳಗಿಟ್ಟ ಕೂಡಲೇ ನೆಲ ಕಾಣಬೇಕು, ಅಷ್ಟೆ.

ಅತ್ತೆಯ ಮಂಚದ ಕಾಲಿನ ಹತ್ತಿರ, ಮೊಣಕಾಲಿಗಿಂತ ಕೆಳಗೆ, ಒಂದು ಮೋಷನ್ ಸೆನ್ಸರ್ ಇಟ್ಟಿದ್ದೇವೆ. ಅವರು ಕಾಲು ಇಳಿಸಿದರೆ ಸಣ್ಣ ಹಳದಿ ಲೈಟು ಹತ್ತುತ್ತದೆ. ಸ್ವಲ್ಪ ದೂರದಲ್ಲಿ ಬಾತ್‌ರೂಮಿನ ದಾರಿಯಲ್ಲಿ ಇನ್ನೊಂದು. ವಾಪಸ್ ಬಂದು ಮಲಗಿದ ಮೇಲೆ ತಾನೇ ಆರುತ್ತದೆ. ಎತ್ತರದಲ್ಲಿ ಇಟ್ಟರೆ ಮಂಚದಲ್ಲಿ ಮಗ್ಗುಲು ಬದಲಾಯಿಸಿದರೂ ಹತ್ತುತ್ತದೆ, ನಿದ್ದೆ ಕೆಡುತ್ತದೆ. ಕೆಳಗೇ ಇಡಿ. ಫ್ಯಾನಿನ ಗಾಳಿಗೆ ಪರದೆ ಅಲ್ಲಾಡುವ ಕಡೆಗೆ ಅದರ ಮುಖ ಬೇಡ. ಲೆನ್ಸಿನ ಮೇಲೆ ಹುಳ ಕೂತರೂ ಸುಮ್ನೆ ಹತ್ತುತ್ತದೆ, ಮಳೆಗಾಲದಲ್ಲಿ ಆಗಾಗ ಒರೆಸಬೇಕು.

ಇದಕ್ಕೆ ವೈಫೈ ಇರುವುದೇ ಬೇಕು ಅಂತಿಲ್ಲ. ಸೆಲ್ ಹಾಕುವ, ಇಲ್ಲವೇ ಚಾರ್ಜ್ ಮಾಡುವ ಸೆನ್ಸರ್ ಲೈಟು ಅಂಗಡಿಯಲ್ಲಿ ಸಿಗುತ್ತದೆ. ಕರೆಂಟು ಹೋದರೂ ನಡೆಯುತ್ತದೆ. ಬೆಳಕಿನ ಬಣ್ಣ ಮಾತ್ರ ನೋಡಿ ತೆಗೆದುಕೊಳ್ಳಿ. ಪೆಟ್ಟಿಗೆಯ ಮೇಲೆ 2700 ಕೆ ಅಥವಾ 3000 ಕೆ ಅಂತ ಇದ್ದರೆ ಹಳದಿ, 6500 ಕೆ ಅಂದರೆ ಬಿಳಿ. ನಡುರಾತ್ರಿ ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ವಯಸ್ಸಾದವರಿಗೆ ಒಂದು ಕ್ಷಣ ಏನೂ ಕಾಣುವುದಿಲ್ಲ. ಬೀಳುವುದು ಆವಾಗಲೇ.

ಇನ್ನೊಂದು ಮಾತು, ತಮ್ಮಾ. ಏನೇ ಹಾಕಿಸುವುದಾದರೂ ಮೊದಲು ಅಪ್ಪ ಅಮ್ಮನ ಹತ್ತಿರ ಕೇಳು. ಬೆಂಗಳೂರಿನಿಂದ ನೀನು ಲೈಟ್ ಆಫ್ ಮಾಡಬಹುದು, ಯಾವಾಗ ಹಾಕಿದರು ಅಂತ ನೋಡಬಹುದು ಅನ್ನುವುದು ಅವರಿಗೆ ಗೊತ್ತಿರಬೇಕು. ಅಮ್ಮ ಜಗಲಿಯಲ್ಲಿ ಕೂತು ಹೂ ಕಟ್ಟುವಾಗ ಲೈಟು ತಾನಾಗಿ ಆರಿದರೆ ಹೆದರಿಕೆ ಆಗುವುದಿಲ್ವಾ? ಅವರು ಇರುವಷ್ಟು ದಿನ ಆ ಮನೆಯ ಲೈಟು ಅವರ ಮಾತು ಕೇಳಬೇಕು. ನಿನ್ನ ಫೋನ್ ಎರಡನೆಯದು.

ಹೆಬ್ರಿ

ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ. ಮಳೆಗಾಲ ಶುರುವಾಗುವ ಮುಂಚೆ, ಮತ್ತೆ ಅಕ್ಟೋಬರ್ ಸುಮಾರಿಗೆ ಸಂಜೆ ಬರುವ ಗುಡುಗು ಮಳೆ ನಮ್ಮ ಕಡೆ ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಮಾಮೂಲಿ ಸ್ವಿಚ್ಚಿನಲ್ಲಿ ಹಾಳಾಗುವಂಥದ್ದು ಏನೂ ಇಲ್ಲ. ಮಾಡ್ಯೂಲಿನಲ್ಲಿ ಸಣ್ಣ ಸರ್ಕ್ಯೂಟ್ ಉಂಟು. ಲೈನಿನಲ್ಲಿ ಒಂದು ದೊಡ್ಡ ಹೊಡೆತ ಬಂದರೆ ಮೊದಲು ಹೋಗುವುದು ಅದು, ಮತ್ತೆ ರೌಟರು.

ಮೀಟರಿನ ನಂತರದ ಡಿಬಿಯಲ್ಲಿ (ಮನೆಯ ಲೈನುಗಳು ಕವಲೊಡೆಯುವ ಪೆಟ್ಟಿಗೆ) ಎಸ್‌ಪಿಡಿ, ಅಂದರೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಹೆಚ್ಚುವರಿ ವೋಲ್ಟೇಜನ್ನು ಅದು ಭೂಮಿಗೆ ಕಳಿಸುತ್ತದೆ. ಆದರೆ ಅರ್ತ್ ಸರಿ ಇಲ್ಲದಿದ್ದರೆ ಎಲ್ಲಿಗೆ ಕಳಿಸುವುದು? ಕೆಂಪುಕಲ್ಲಿನ ಜಾಗ ಬೇಸಿಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಅರ್ತ್ ಕೆಲಸ ಮಾಡುವುದು ಕಡಿಮೆಯಾಗುತ್ತದೆ. ಹಳೇ ಅರ್ತ್ ಗುಂಡಿಯನ್ನು ಮೀಟರ್ ಇಟ್ಟು ನೋಡಿಸಿ, ಬೇಕಾದರೆ ಹೊಸದು ಹಾಕಿಸಿ. ಕಡೆಕಾರಿನಲ್ಲಿ ಮರಳು, ಅಲ್ಲೂ ಬೇಸಿಗೆಯಲ್ಲಿ ಇದೇ ಕಥೆ. ಹೀಗೆಲ್ಲ ಮಾಡಿದರೂ ಹತ್ತಿರ ಸಿಡಿಲು ಬಿದ್ದರೆ ಏನೂ ತಡೆಯುವುದಿಲ್ಲ. ಗುಡುಗು ಶುರುವಾದರೆ ರೌಟರಿನ ಪ್ಲಗ್ ಕಿತ್ತಿಡುವುದು ನಮ್ಮ ಮನೆಯ ರೂಢಿ. ಆ ಹೊತ್ತಿಗೂ ಗೋಡೆಯ ಸ್ವಿಚ್ ಕೆಲಸ ಮಾಡಬೇಕು. ಅದಕ್ಕೇ ನನ್ನದೂ ಕಾಪುವಿನವರ ಮಾತಿಗೇ ಓಟು.

ಬಿಜೈ ಬಾಡಿಗೆ

ಒಪ್ಪಿದೆ. ಸ್ವಂತ ಮನೆಗೆ ಸ್ವಿಚ್ಚೇ ಸರಿ. ಖರ್ಚಿನ ಬಗ್ಗೆ ಒಂದು ಲೆಕ್ಕ ಕೊಡುತ್ತೇನೆ. ಸ್ಮಾರ್ಟ್ ಬಲ್ಬು ಆರಿದ್ದಾಗಲೂ ಸುಮಾರು ಅರ್ಧ ವ್ಯಾಟ್ ತಿನ್ನುತ್ತದೆ. ಹತ್ತು ಬಲ್ಬ್ ಹಾಕಿದರೆ 5 ವ್ಯಾಟ್, ತಿಂಗಳಿಗೆ 3.6 ಯೂನಿಟ್. ಮಾಡ್ಯೂಲುಗಳದ್ದೂ ಹೆಚ್ಚುಕಡಿಮೆ ಹೀಗೇ. ದೊಡ್ಡ ಮೊತ್ತ ಅಲ್ಲ. ಆದರೆ ಗೃಹಜ್ಯೋತಿಯಲ್ಲಿ ಎಲ್ಲರಿಗೂ ನೇರ 200 ಯೂನಿಟ್ ಸಿಗುವುದಿಲ್ಲ, ಮನೆಯ ಹಿಂದಿನ ಸರಾಸರಿಗೆ ಸ್ವಲ್ಪ ಸೇರಿಸಿದಷ್ಟೇ ಉಚಿತ. ಅಂಚಿನಲ್ಲಿರುವ ಮನೆಗೆ ಇದೂ ಲೆಕ್ಕಕ್ಕೆ ಬರುತ್ತದೆ. ರಾತ್ರಿಯಿಡೀ ಉರಿಯುವ ಅಂಗಳದ ಲೈಟು ಸಮಯಕ್ಕೆ ಆರಿದರೆ ಅಲ್ಲಿ ಉಳಿಯುತ್ತದೆ ಅನ್ನುವುದೂ ನಿಜ.

ಸುರತ್ಕಲ್ ಹಾಸ್ಟೆಲ್

ಅಂಗಳದ ಲೈಟಿಗೆ ಸಂಜೆ 6:30 ಅಂತ ಟೈಮರ್ ಇಡಬೇಡಿ. ನಮ್ಮಲ್ಲಿ ಜೂನ್‌ನಲ್ಲಿ ಸೂರ್ಯ ಮುಳುಗುವಾಗ ಸುಮಾರು 7 ಗಂಟೆ, ನವೆಂಬರ್ ಕೊನೆಗೆ ಸುಮಾರು 6. ಆ್ಯಪ್‌ನಲ್ಲಿ ಊರು ಉಡುಪಿ ಅಂತ ಕೊಟ್ಟು 'ಸೂರ್ಯಾಸ್ತಕ್ಕೆ ಆನ್' ಅಂತ ಇಡಿ, ಅದೇ ಲೆಕ್ಕ ಹಾಕಿಕೊಳ್ಳುತ್ತದೆ. ನೀವು ಬೆಂಗಳೂರಲ್ಲಿ ಕೂತು ಆ್ಯಪ್ ಹಾಕಿಕೊಂಡರೆ ಜಾಗ ಬೆಂಗಳೂರು ಅಂತಲೇ ಸೇವ್ ಆಗಿರುತ್ತದೆ, ಬದಲಾಯಿಸಿ. ರೌಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿ, ಇಲ್ಲದಿದ್ದರೆ ಕರೆಂಟು ಹೋದಾಗ ವೈಫೈಯೂ ಹೋಗುತ್ತದೆ.

ಕಡೆಕಾರು ಮನೆ

ಅಪ್ಪ ಅಮ್ಮನ ಹತ್ತಿರ ಮಾತಾಡಿದೆ. ಅಕ್ಕ ಹೇಳಿದ್ದು ಸರಿ, ಕೇಳಿದ್ದೇ ಒಳ್ಳೆಯದಾಯಿತು. ಅಪ್ಪನಿಗೆ ಮಲಗುವ ಕೋಣೆಯಲ್ಲಿ ವೈಫೈ ಏನೂ ಬೇಡವಂತೆ. ಅಲ್ಲಿ ಮಂಚದ ಹತ್ತಿರ ಒಂದು, ಬಾತ್‌ರೂಮಿನ ದಾರಿಯಲ್ಲಿ ಒಂದು, ಚಾರ್ಜ್ ಮಾಡುವ ಸೆನ್ಸರ್ ಲೈಟು ಇಡುತ್ತೇವೆ. ಅಂಗಳದ ಲೈಟಿಗೆ ಮಾತ್ರ ಮಾಡ್ಯೂಲ್, ನ್ಯೂಟ್ರಲ್ ಎಳೆಸಿ, ಸೂರ್ಯಾಸ್ತಕ್ಕೆ ಹತ್ತಿ ರಾತ್ರಿ 11ಕ್ಕೆ ಆರುವ ಹಾಗೆ. ಅದರ ನಂತರ ಬೇಕಾದರೆ ಸ್ವಿಚ್ಚೇ. ಪಂಪಿಗೆ ನೀರಿನ ಮಟ್ಟದ ಕಂಟ್ರೋಲರ್. ಎಸ್‌ಪಿಡಿ ಮತ್ತು ಅರ್ತ್ ಕೆಲಸ ಮೊದಲು, ಉಳಿದದ್ದು ಆಮೇಲೆ. ಕಾಪು ಅಣ್ಣ, ಇದರಲ್ಲಿ ಬಿಟ್ಟುಹೋದದ್ದು ಉಂಟಾ?

ಕಾಪು ವಯರಿಂಗ್

ಕ್ರಮ ಸರಿ ಉಂಟು. ಎರಡೇ ಮಾತು. ಜಗಲಿಯ ಬೋರ್ಡ್ ಬಿಚ್ಚುವ ಮುಂಚೆ ಮತ್ತು ಕೂರಿಸಿದ ಮೇಲೆ ಒಳಗಿನ ವಯರಿನ ಫೋಟೋ ತೆಗೆಸಿ. ಯಾವ ವಯರ್ ಎಲ್ಲಿಗೆ ಅಂತ ಕನ್ನಡದಲ್ಲಿ ಬರೆದ ಚೀಟಿಯನ್ನು ಡಿಬಿ ಬಾಗಿಲಿನ ಒಳಬದಿಗೆ ಅಂಟಿಸಿ. ಮುಂದೆ ಮಾಡ್ಯೂಲ್ ಕೆಟ್ಟರೆ ಊರಿನ ಯಾವ ಕೆಲಸದವರು ಬಂದರೂ ಅದನ್ನು ತೆಗೆದು ಮೊದಲಿನ ಹಾಗೆ ಸ್ವಿಚ್ಚಿಗೆ ನೇರ ಕೊಡಲಿಕ್ಕೆ ಆಗಬೇಕು. ಅಮ್ಮನವರ ಹತ್ತಿರವೂ ಒಂದು ಸಲ ಆ ಚೀಟಿ ಓದಿಸಿ, ಇನ್ವರ್ಟರ್ ಆಫ್ ಮಾಡುವ ಗುಂಡಿ ಯಾವುದು ಅಂತ ಕೈಯಿಂದ ಒತ್ತಿಸಿ ತೋರಿಸಿ.